ಶಿಶುಶಿಕ್ಷಣದಲ್ಲಿ ಅಭ್ಯಾಸಪತ್ರಗಳ ಉಪಯೋಗ

ಶಿಶುವಿನ ಕೈಯು ಮಣ್ಣು, ಮರಳು, ಬೀಜಗಳಲ್ಲಿ ಪಳಗಿದ ಬಳಿಕವೇ ಅಭ್ಯಾಸಪತ್ರವು ಫಲಕಾರಿಯಾಗುವುದು. 1837ರಲ್ಲಿ ಜರ್ಮನಿಯ ಫ್ರೋಬೆಲನು ಆರಂಭಿಸಿದ ಶಿಶುವಿಹಾರದಲ್ಲಿಯೂ ಚೆಂಡು, ಮರದ ತುಂಡುಗಳಿಗೇ ಅಗ್ರಸ್ಥಾನವಿದ್ದಿತು.

ಪತ್ರಗಳ ಅನುಕ್ರಮಕ್ಕೆ ಕರ್ನಾಟಕದ ನಲಿ-ಕಲಿಯು ಮಾರ್ಗದರ್ಶಕವಾಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪ್ರಾಥಮಿಕ ಶಾಲಾಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳನ್ನು ಮೊದಲು ಕಲಿಸುವುದು. ಇವುಗಳಿಂದಲೇ ಸರ, ಅರಸ, ಗರಗಸ ಎಂಬ ಪದಗಳು ಸಿದ್ಧಿಸುವುವು.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಗ್ರಾಮದಲ್ಲಿ ಮಗುವು ಅಕ್ಷರದ ಗೆರೆಯ ಮೇಲೆ ಹುಣಸೆಬೀಜಗಳನ್ನು ಮೊದಲು ಜೋಡಿಸಿ, ಅನಂತರ ಅದೇ ರೂಪವನ್ನು ಪತ್ರದಲ್ಲಿ ತಿದ್ದಬಹುದು. ತಿದ್ದಿದ ಪತ್ರಕ್ಕೆ ಅಂಕಗಳನ್ನು ಕೊಡುವುದು ಉಚಿತವಲ್ಲ. ಕೈಯು ಎಲ್ಲಿ ತಡವರಿಸಿತೆಂಬುದನ್ನು ಉಪಾಧ್ಯಾಯಿನಿಯು ಅದರಿಂದ ಗ್ರಹಿಸಿ, ಮರುದಿನದ ಆಟವನ್ನು ತಕ್ಕಂತೆ ಬದಲಿಸಬೇಕು. ಹಾಗಾಗದೆ ಪುಟಗಳನ್ನು ತುಂಬಿಸುವುದೇ ಗುರಿಯಾದರೆ, ಅಕ್ಷರವು ಮೂಡುವ ಮೊದಲೇ ಅಕ್ಷರದ ಮೇಲಣ ಆಸೆಯು ಬಾಡುವುದು.