ಹುಡುಕಾಟ ನಿಧಾನವಾಗುವುದೇಕೆ?

ಮಕ್ಕಳೇ, ನಿಮ್ಮ ಶಾಲೆಗೆ ಊರಿನ ಹಿರಿಯರೊಬ್ಬರು ಬಂದರು ಎಂದುಕೊಳ್ಳಿ. ಅವರಿಗೆ ಜನ್ಮದಿನಾಂಕದ ದೃಢೀಕರಣ ಪತ್ರ ಬೇಕು. ಪಿಂಚಣಿಗೆ ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ. ದಾಖಲಾತಿ ಸಂಖ್ಯೆ ಹೇಳಿದರೆ ಮುಖ್ಯೋಪಾಧ್ಯಾಯರು ಎರಡೇ ನಿಮಿಷದಲ್ಲಿ ಪುಟ ತೆಗೆಯುತ್ತಾರೆ. ಆದರೆ ಹಿರಿಯರಿಗೆ ಗೊತ್ತಿರುವುದು ತಮ್ಮ ಹೆಸರು ಮಾತ್ರ! ದಾಖಲಾತಿ ಪುಸ್ತಕವನ್ನು ಬರೆದಿರುವುದು ಸಂಖ್ಯೆಯ ಕ್ರಮದಲ್ಲಿ. ಹಾಗಾಗಿ ಮೊದಲ ಪುಟದಿಂದ ಒಂದೊಂದೇ ಸಾಲು ನೋಡುತ್ತ ಹೋಗಬೇಕು.

ಗಣಕಯಂತ್ರದ ಪಾಡೂ ಇದೇ. ಒಂದು ಕೋಟಿ ಸಾಲುಗಳ ಪಟ್ಟಿಯಲ್ಲಿ ಹೆಸರುಗಳು ಕ್ರಮವಾಗಿಲ್ಲದಿದ್ದರೆ ಕೋಟಿ ಸಾಲನ್ನೂ ಓದಬೇಕಾಗಬಹುದು. ಕ್ರಮವಾಗಿದ್ದರೆ? ನಡುವಿನ ಸಾಲನ್ನು ನೋಡಿ, ಬೇಡವಾದ ಅರ್ಧವನ್ನು ಬಿಟ್ಟುಬಿಡಬಹುದು. ಉಳಿದ ಅರ್ಧದಲ್ಲೂ ಹಾಗೆಯೇ. ಹೀಗೆ ಮಾಡುತ್ತ ಹೋದರೆ ಹೆಚ್ಚೆಂದರೆ 24 ಸಾಲು ನೋಡಿದರೆ ಸಾಕು! ನಂಬಿಕೆ ಬಾರದಿದ್ದರೆ 2ನ್ನು 24 ಸಲ ಬರೆದು ಗುಣಿಸಿ. ಉತ್ತರ ಒಂದು ಕೋಟಿ 67 ಲಕ್ಷ ದಾಟುತ್ತದೆ. ಅದಕ್ಕೇ ಹೆಸರುಗಳಿಗೆಂದು ಬೇರೆಯೇ ಅಕಾರಾದಿ ಸೂಚಿ ಮಾಡಿಡುತ್ತಾರೆ. ಶಾಲೆಯಲ್ಲಿ ಅಂಥದ್ದೊಂದು ಇದ್ದಿದ್ದರೆ ಆ ಹಿರಿಯರು ಆಗಲೇ ಪತ್ರ ಹಿಡಿದು ಹೊರಡುತ್ತಿದ್ದರು.

ಪಟ್ಟಿ ತೀರಾ ದೊಡ್ಡದಾದರೆ ಒಂದೇ ಯಂತ್ರದಲ್ಲಿ ಹಿಡಿಸುವುದಿಲ್ಲ, ಹಂಚಿಡಬೇಕು. ನಮ್ಮ ರೈಲ್ವೆಯವರು ಮುಂಗಡ ಟಿಕೆಟಿನ ವಿವರಗಳನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳಲ್ಲಿ ಇಟ್ಟು, 1999ರ ಹೊತ್ತಿಗೆ ಅವುಗಳನ್ನು ಒಂದಕ್ಕೊಂದು ಜೋಡಿಸಿದರು. ಟಿಕೆಟಿನ ಮೇಲೆ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆ ಇರುತ್ತದಲ್ಲ, ಆ ಪದ್ಧತಿಯಲ್ಲಿ ಅದರ ಮೊದಲ ಅಂಕಿಯೇ ಕೇಂದ್ರವನ್ನು ಹೇಳುತ್ತದೆ. 4 ಆದರೆ ಚೆನ್ನೈ, 8 ಆದರೆ ಮುಂಬೈ. ಸಂಖ್ಯೆಯೊಳಗೇ ವಿಳಾಸ! ಬರೀ ಹೆಸರು ಹಿಡಿದು ಹುಡುಕುವುದಾದರೆ ಐದೂ ಕಡೆ ಕೇಳಬೇಕಾಗುತ್ತದೆ.

ಎಲ್ಲರನ್ನೂ ಒಟ್ಟಿಗೇ ಕೇಳಿದರೆ ಬೇಗ ಮುಗಿಯುವುದಿಲ್ಲವೇ? ಒಳ್ಳೆಯ ಪ್ರಶ್ನೆ. ನಿಮ್ಮ ಉತ್ತರಪತ್ರಿಕೆಗಳನ್ನು ಐವರು ಶಿಕ್ಷಕರು ಹಂಚಿಕೊಂಡು ತಿದ್ದಿದರೆ, ಫಲಿತಾಂಶ ಸಿಗುವುದು ಕೊನೆಯವರು ಮುಗಿಸಿದ ಮೇಲೆಯೇ. ಯಂತ್ರಗಳು ಹೆಚ್ಚಿದಷ್ಟೂ ಈ ತೊಂದರೆ ಹೆಚ್ಚು. 2013ರಲ್ಲಿ ಗೂಗಲ್ ಸಂಸ್ಥೆಯ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ ಇದರ ಲೆಕ್ಕ ತೋರಿಸಿದರು. ಪ್ರತಿ ಯಂತ್ರವೂ ನೂರರಲ್ಲಿ ಒಂದೇ ಒಂದು ಸಲ ತಡಮಾಡುತ್ತದೆ ಎನ್ನಿ. ಆದರೂ, ನೂರು ಯಂತ್ರಗಳನ್ನು ಒಟ್ಟಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ನೂರಕ್ಕೆ 63 ತಡವಾಗುತ್ತವೆ!

ಆದ್ದರಿಂದ ಉತ್ತರ ನಿಧಾನವಾದಾಗ ಬಲ್ಲವರು ಹೊಸ ಯಂತ್ರ ಕೊಳ್ಳಲು ಓಡುವುದಿಲ್ಲ. "ನೀನು ಹುಡುಕಿದ್ದು ಹೇಗೆ?" ಎಂದು ಯಂತ್ರವನ್ನೇ ಕೇಳುತ್ತಾರೆ. ಎಷ್ಟು ಸಾಲು ಓದಿದೆ, ಸೂಚಿ ಬಳಸಿದೆಯೇ ಎಂಬುದನ್ನು ಅದು ಬರೆದು ತೋರಿಸುತ್ತದೆ. ಹತ್ತು ಹೆಸರಿಗಾಗಿ ಕೋಟಿ ಸಾಲು ಓದಿದ್ದರೆ, ಬೇಕಾದ ಸೂಚಿ ಇಲ್ಲವೇ ಎಂದು ಮೊದಲು ನೋಡುತ್ತಾರೆ. ಉಳಿದವು ಸುಮ್ಮನಿದ್ದು ಒಂದೇ ಯಂತ್ರ ಏದುಸಿರು ಬಿಡುತ್ತಿದ್ದರೆ, ಹಂಚಿಕೆಯಲ್ಲೇ ತಪ್ಪಾಗಿರಬಹುದು. ಹಾಗೆಂದು ಕಂಡಕಂಡದ್ದಕ್ಕೆಲ್ಲ ಸೂಚಿ ಮಾಡುವುದೂ ಜಾಣತನವಲ್ಲ. ಹೊಸ ಸಾಲು ಸೇರಿದಾಗಲೆಲ್ಲ ಅಷ್ಟೂ ಸೂಚಿಗಳನ್ನು ತಿದ್ದಬೇಕಲ್ಲ!

ಮಾಡಿ ನೋಡಿ: 31 ಚೀಟಿಗಳಲ್ಲಿ ಒಂದೊಂದು ಹೆಸರು ಬರೆದು, ಅಕಾರಾದಿಯಾಗಿ ಜೋಡಿಸಿ ಕವುಚಿ ಇಡಿ. ಗೆಳತಿ ಹೇಳಿದ ಹೆಸರನ್ನು ಅರ್ಧ ಅರ್ಧ ಬಿಡುತ್ತ ಹುಡುಕಿ. ಐದಕ್ಕಿಂತ ಹೆಚ್ಚು ಚೀಟಿ ತೆರೆಯಬೇಕಾಯಿತೇ? ಈಗ ಚೀಟಿಗಳನ್ನು ಕಲಸಿ, ಅದೇ ಹೆಸರನ್ನು ಮತ್ತೆ ಹುಡುಕಿ.