ಕೆಡುವ ಅಂಗಗಳಿಂದ ಕೆಡದ ಯಂತ್ರ: ಸರ್ವರ್ ಪಾಲನೆಯನ್ನು ಕುರಿತು

ಶಾಸನಗಳ ಛಾಯಾಚಿತ್ರಗಳನ್ನೂ ಓಲೆಗರಿಗಳ ಪ್ರತಿಬಿಂಬಗಳನ್ನೂ ಇಂದು ಅನೇಕ ವಿಭಾಗಗಳು ಸರ್ವರ್ ಎಂಬ ಗಣಕಯಂತ್ರದಲ್ಲಿ ಕಾಪಿಡುತ್ತಿರುವುದು ವಾಚಕರಿಗೆ ವಿದಿತವಾದ ಸಂಗತಿ. ಅದರ ಯೋಗಕ್ಷೇಮದ ಹೊಣೆ ಎಷ್ಟೋ ಕಡೆ ಎಂಜಿನಿಯರುಗಳ ಮೇಲಲ್ಲ, ನಮ್ಮಂಥ ಅಧ್ಯಾಪಕರ ಮೇಲೆಯೇ ಬೀಳುತ್ತದೆ. ಈ ಪಾಲನೆಯ ಮೂಲತತ್ತ್ವವು ಎಲ್ಲಿ ಹುಟ್ಟಿತು, ಅದರ ಮಿತಿಯೇನು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಮಾಕ್ಲಿ ಮತ್ತು ಎಕರ್ಟ್ ಎಂಬ ವಿದ್ವಾಂಸರು ನಿರ್ಮಿಸಿದ ಎನಿಯಾಕ್ ಯಂತ್ರವು ೧೯೪೬ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದರಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದುವು. ಒಂದೊಂದು ಕೊಳವೆಯೂ ಸರಾಸರಿ ೧೮,೦೦೦ ಗಂಟೆ, ಎಂದರೆ ಎರಡು ವರ್ಷಕ್ಕೂ ಮೀರಿ, ಬಾಳುವುದೆಂದು ಭಾವಿಸೋಣ. ಆಗಲೂ ಇಡೀ ಯಂತ್ರದಲ್ಲಿ ಸರಾಸರಿ ಗಂಟೆಗೊಂದು ಕೊಳವೆ ಕೆಡಲೇಬೇಕು! ಬಿಡಿಭಾಗ ಎಷ್ಟೇ ಗಟ್ಟಿಯಾಗಿದ್ದರೂ ಅದರ ಸಂಖ್ಯೆ ಬೆಳೆದಂತೆ ಒಟ್ಟಿನ ಭರವಸೆ ಕುಗ್ಗುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎಕರ್ಟನು ಇದಕ್ಕೆ ಕಂಡುಕೊಂಡ ಉಪಾಯಗಳು ಬಹು ಸರಳ. ಕೊಳವೆಗಳಿಗೆ ಅವುಗಳ ಶಕ್ತಿಗಿಂತ ಕಡಮೆ ಹೊರೆಯನ್ನು ಹೊರಿಸಿದನು. ಕೆಟ್ಟ ಭಾಗವನ್ನು ಕಳಚಿ ಬೇರೊಂದನ್ನು ಸಿಕ್ಕಿಸುವಂತೆ ಘಟಕಗಳನ್ನು ರಚಿಸಿದನು. ಕೊಳವೆಗಳು ಹೆಚ್ಚಾಗಿ ಕಾಯುವಾಗಲೂ ಆರುವಾಗಲೂ ಕೆಡುತ್ತಿದ್ದುದರಿಂದ ಯಂತ್ರವನ್ನು ಆರಿಸದೆಯೇ ಇಡುವುದು ವಾಡಿಕೆಯಾಯಿತು. ೧೯೫೪ರಲ್ಲಿ ಅದು ಒಮ್ಮೆ ೧೧೬ ಗಂಟೆಗಳ ಕಾಲ ತಡೆಯಿಲ್ಲದೆ ನಡೆಯಿತು. ೧೯೫೫ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ದೃಢವಲ್ಲದ ಅಂಗಗಳಿಂದ ದೃಢವಾದ ಯಂತ್ರವನ್ನು ರಚಿಸುವ ಬಗೆಯನ್ನು ಗಣಿತಶಾಸ್ತ್ರಜ್ಞ ಫಾನ್ ನಾಯ್ಮನ್ ೧೯೫೬ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿದನು.

ಇದೇ ತತ್ತ್ವವನ್ನು ಡಿಸ್ಕುಗಳಿಗೆ ಅನ್ವಯಿಸಿ ವಿಶದಪಡಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ಎಂಬವರು. ಬೆಲೆಯುಳ್ಳ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಬಹುದೆಂದು ೧೯೮೮ರ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದರು. ಈ ಏರ್ಪಾಡಿಗೆ ರೇಡ್ ಎಂದು ಹೆಸರು. ಅದರ ಮರ್ಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮೂರು ಡಿಸ್ಕುಗಳಲ್ಲಿ ಒಂದೇ ಸ್ಥಾನದಲ್ಲಿ ಕ್ರಮವಾಗಿ ೧, ೧, ೦ ಎಂಬ ಅಂಕೆಗಳಿವೆಯೆನ್ನೋಣ. ಒಂದುಗಳ ಒಟ್ಟು ಸಂಖ್ಯೆ ಯಾವಾಗಲೂ ಸಮವಾಗಿರಬೇಕೆಂಬ ನಿಯಮದಂತೆ ನಾಲ್ಕನೆಯ ಡಿಸ್ಕಿನಲ್ಲಿ ೦ ಎಂದು ಬರೆಯುತ್ತೇವೆ. ಎರಡನೆಯ ಡಿಸ್ಕು ಕೆಟ್ಟಿತು. ಉಳಿದುವು ೧, ೦, ೦. ಒಂದುಗಳು ಸಮಸಂಖ್ಯೆಯಾಗಬೇಕಾದರೆ ಹೋದದ್ದು ೧ ಆಗಿರಲೇಬೇಕು. ಹೀಗೆ ಹೊಸ ಡಿಸ್ಕಿನ ಮೇಲೆ ಹಳೆಯದನ್ನು ಅಂಕೆಯಂಕೆಯಾಗಿ ಪುನಃ ಬರೆಯಲು ಸಾಧ್ಯ. ತ್ರುಟಿತವಾದ ಪದ್ಯದ ಲೋಪವನ್ನು ಛಂದಸ್ಸಿನ ನೆರವಿನಿಂದ ಊಹಿಸುವ ಸಂಪಾದಕನ ಕೆಲಸವನ್ನು ಇದು ನೆನಪಿಗೆ ತರುತ್ತದೆ. ಭೇದವಿಷ್ಟೆ, ಇಲ್ಲಿ ಊಹೆಗೆ ಎಡೆಯಿಲ್ಲ.

ಆದರೆ ಎರಡು ಡಿಸ್ಕುಗಳು ಒಟ್ಟಿಗೆ ಕೆಟ್ಟರೆ ಈ ಲೆಕ್ಕ ನಡೆಯದು. ಇದನ್ನು ನಾವು ನಷ್ಟದಿಂದಲೇ ಕಲಿತೆವು. ನಾವು ನೋಡಿಕೊಳ್ಳುತ್ತಿದ್ದ ಸರ್ವರಿನಲ್ಲಿ ಇಂಥ ನಾಲ್ಕು ಡಿಸ್ಕುಗಳಿದ್ದುವು. ಬೇಸಗೆಯ ರಜೆಯಲ್ಲಿ ಒಂದು ಕೆಟ್ಟು ಎಚ್ಚರಿಕೆಯ ಹಳದಿ ದೀಪ ಹೊತ್ತಿಕೊಂಡಿತು. ಕೋಣೆಗೆ ಬೀಗ ಹಾಕಿತ್ತು. ಯಂತ್ರ ಎಂದಿನಂತೆ ನಡೆಯುತ್ತಿದ್ದುದರಿಂದ ನಾವು ಯಾರೂ ಅತ್ತ ನೋಡಲಿಲ್ಲ. ಕಾಲೇಜು ತೆರೆಯುವ ಮುನ್ನ ಇನ್ನೊಂದೂ ಕೆಟ್ಟಿತು. ಒಂದು ಹೋಬಳಿಯ ವೀರಗಲ್ಲುಗಳ ಚಿತ್ರಗಳೆಲ್ಲ ಹೋದುವು. ಮತ್ತೆ ಆ ಊರುಗಳಿಗೆ ಹೋಗಿ ಹೆಚ್ಚಿನವನ್ನು ತೆಗೆದುಕೊಂಡೆವು. ಆದರೆ ಒಂದು ಕಲ್ಲು ಅಷ್ಟರಲ್ಲಿ ರಸ್ತೆ ಅಗಲಿಸುವ ಕೆಲಸದಲ್ಲಿ ಒಡೆದುಹೋಗಿತ್ತು. ಅದರ ಐದನೆಯ ಸಾಲಿನ ಪಾಠವನ್ನು ನಮ್ಮ ಟಿಪ್ಪಣಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಗುರುತು ಮಾಡಿದ್ದೆವು. ಆ ಚಿಹ್ನೆಯನ್ನು ಇನ್ನು ಅಳಿಸುವ ಬಗೆ ನಮಗೆ ತಿಳಿಯದು.

ಮೇಲಿನ ಸಂಗತಿಗಳಿಂದ ಕೆಲವು ನಿಯಮಗಳು ಸಿದ್ಧಿಸುತ್ತವೆ. ಒಂದನೆಯದಾಗಿ, ಯಂತ್ರ ನಡೆಯುತ್ತಿದೆಯೆಂಬುದು ಅದರ ಆರೋಗ್ಯಕ್ಕೆ ಪ್ರಮಾಣವಲ್ಲ. ಒಂದು ಅಂಗ ಕೆಟ್ಟರೂ ನಡೆಯುವಂತೆಯೇ ಅದನ್ನು ರಚಿಸಿರುವುದರಿಂದ, ಕೆಡುಕು ನಮ್ಮ ಕಣ್ಣಿಗೆ ಮರೆಯಾಗುತ್ತದೆ. ದೀಪಗಳನ್ನೂ ವರದಿಯನ್ನೂ ರಜೆಯಲ್ಲಿಯೂ ನೋಡುವವನೊಬ್ಬನು ಬೇಕು. ಎರಡನೆಯದಾಗಿ, ಪ್ರತಿಯೊಂದು ಡಿಸ್ಕಿನ ಕ್ರಮಸಂಖ್ಯೆಯನ್ನು ಅದರ ಮುಂಭಾಗದಲ್ಲಿ ಅಂಟಿಸಿ, ಬದಲಿ ಡಿಸ್ಕೊಂದನ್ನು ಬಳಿಯಲ್ಲಿಟ್ಟಿರಬೇಕು. ಕೆಟ್ಟದ್ದೆಂದು ಭ್ರಮಿಸಿ ಒಳ್ಳೆಯದನ್ನು ಕಿತ್ತರೆ ಉಳಿದದ್ದೂ ಹೋಗುತ್ತದೆ. ಮೂರನೆಯದಾಗಿ, ಯಾರು, ಎಂದು, ಏನನ್ನು ಬದಲಿಸಿದರೆಂಬುದನ್ನು ದಿನಚರಿಯಲ್ಲಿ ಬರೆದಿಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ರೇಡ್ ಎಂಬುದು ಪ್ರತಿಯಲ್ಲ. ಕೈತಪ್ಪಿ ಅಳಿಸಿದ ಚಿತ್ರವನ್ನು ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಿಂದಲೂ ಅಳಿಸುತ್ತದೆ. ಬೆಂಕಿ ಬಿದ್ದರೆ ನಾಲ್ಕೂ ಒಟ್ಟಿಗೆ ಉರಿಯುತ್ತವೆ. ಆದುದರಿಂದ ಬೇರೊಂದು ಕಟ್ಟಡದಲ್ಲಿ ಬೇರೊಂದು ಪ್ರತಿ ಇರಲೇಬೇಕು, ಮತ್ತು ಆಗಾಗ ಅದರಿಂದ ಕೆಲವು ಚಿತ್ರಗಳನ್ನು ಮರಳಿ ತೆಗೆದು ಪರೀಕ್ಷಿಸಬೇಕು.

ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತೇನಲ್ಲ. ‘ಕವಿರಾಜಮಾರ್ಗ’ವು ನಮ್ಮ ಕೈಸೇರಿದ್ದು ಯಾವುದೋ ಒಂದು ಓಲೆ ಗಟ್ಟಿಯಾಗಿದ್ದುದರಿಂದಲ್ಲ, ಲಿಪಿಕಾರರು ಸವೆದುದನ್ನು ನೋಡಿ ಮತ್ತೆ ಮತ್ತೆ ಪ್ರತಿಮಾಡಿದುದರಿಂದ. ರೈಸ್ ಅವರ ಕಾಲದಲ್ಲಿ ಕಂಡಿದ್ದ ಕಲ್ಲುಗಳಲ್ಲಿ ಎಷ್ಟೋ ಇಂದು ‘ಎಪಿಗ್ರಾಫಿಯ ಕರ್ನಾಟಿಕ’ದ ಪುಟಗಳಲ್ಲಿ ಮಾತ್ರ ಉಳಿದಿವೆ. ಆ ಹೊಣೆಯೇ ಈಗ ಸರ್ವರ್ ಕೋಣೆಯ ಬೀಗದ ಕೈಯೊಡನೆ ನಮ್ಮ ಪಾಲಿಗೆ ಬಂದಿದೆ.