ದಫ್ತರದ ಗಂಟನ್ನು ಬಿಚ್ಚಿಸಿದ ಅರ್ಜಿ

ಮನೆಯ ಯಜಮಾನನು ಹೊಲವೊಂದನ್ನು ಭೋಗ್ಯಕ್ಕೆ ಕೊಟ್ಟು ಬಂದನೆಂದರೆ, ಆ ಪತ್ರವನ್ನು ಒಮ್ಮೆ ಓದಿ ಹೇಳಿರೆಂದು ಮನೆಯಾಕೆಯು ಕೇಳುವುದುಂಟು. ಹಾಗೆ ಕೇಳುವುದರಲ್ಲಿ ಅವಿಶ್ವಾಸವೇನೂ ಇಲ್ಲ. ನಾಳೆ ಅದರ ಫಲವನ್ನು ಉಣ್ಣತಕ್ಕವರು ಮನೆಮಂದಿಯೆಲ್ಲರೂ ಆಗಿರುತ್ತಾರೆ. ಪ್ರಜೆಗಳು ತಮ್ಮ ಸರಕಾರವನ್ನು ಇದೇ ರೀತಿಯಾಗಿ ಕೇಳಿದಾಗ ಏನಾಯಿತೆಂಬ ಅಮೆರಿಕಾ ದೇಶದ ವೃತ್ತಾಂತವೊಂದು ನಮ್ಮ ವಾಚಕರಿಗೆ ಸ್ವಾರಸ್ಯವಾಗಿ ತೋರೀತು.

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಟಾರಿನಂತೆ ಗಟ್ಟಿಯಾದ ಎಣ್ಣೆಯು ಮರಳಿನೊಡನೆ ಬೆರೆತುಕೊಂಡಿದೆ. ಅದನ್ನು ಬೇರ್ಪಡಿಸಿ, ತೆಳ್ಳಗೆ ಮಾಡಿ, 36 ಅಂಗುಲ ವ್ಯಾಸದ ಉಕ್ಕಿನ ಕೊಳವೆಯ ಮೂಲಕ ಟೆಕ್ಸಾಸ್ ಸಂಸ್ಥಾನದ ಕಡಲತೀರದ ಶುದ್ಧೀಕರಣ ಕಾರ್ಖಾನೆಗಳವರೆಗೆ ಸಾಗಿಸಬೇಕೆಂದು ಟ್ರಾನ್ಸ್‌ಕೆನಡಾ ಎಂಬ ಕಂಪನಿಯು 2008ನೆಯ ಇಸವಿ ಸೆಪ್ಟೆಂಬರಿನಲ್ಲಿ ಅಮೆರಿಕಾ ಸರಕಾರಕ್ಕೆ ಅರ್ಜಿ ಹಾಕಿತು. ಈ ಕೊಳವೆಗೆ ಕೀಸ್ಟೋನ್ ಎಕ್ಸ್‌ಎಲ್ ಎಂದು ಹೆಸರು. ಅದು ಎರಡು ದೇಶಗಳ ಗಡಿಯನ್ನು ದಾಟತಕ್ಕದ್ದಾದುದರಿಂದ ಅಧ್ಯಕ್ಷರ ಪರವಾನಗಿಯು ಬೇಕಾಗಿದ್ದಿತು. ಅದು ದೇಶಹಿತಕ್ಕೆ ಅನುಕೂಲವೋ ಅಲ್ಲವೋ ಎಂದು ವಿಚಾರಿಸುವ ಭಾರವು ವಿದೇಶಾಂಗ ಖಾತೆಯ ಮೇಲಿದ್ದಿತು. ಕೊಳವೆಯ ಹಾದಿಯಲ್ಲಿ ನೆಬ್ರಾಸ್ಕಾ ಸಂಸ್ಥಾನದ ಸ್ಯಾಂಡ್‌ಹಿಲ್ಸ್ ಎಂಬ ಹುಲ್ಲುಗಾವಲಿನ ಸೀಮೆಯು ಸಿಕ್ಕುತ್ತಿತ್ತು. ಅಲ್ಲಿಯ ನೆಲವು ಹುಲ್ಲು ಹೊದೆದ ಮರಳದಿಣ್ಣೆ. ಅದರಡಿಯಲ್ಲಿ ಎಂಟು ಸಂಸ್ಥಾನಗಳಿಗೆ ಹಬ್ಬಿರುವ ಒಗಲಾಲಾ ಎಂಬ ಅಂತರ್ಜಲದ ಭಂಡಾರವಿದೆ. ಎಣ್ಣೆ ಸೋರಿತೆಂದರೆ ದನಕ್ಕೂ ಜನಕ್ಕೂ ಕುಡಿಯುವ ನೀರು ಕೆಟ್ಟೀತೆಂದು ಅಲ್ಲಿಯ ಒಕ್ಕಲು ಮಕ್ಕಳು ಹೆದರಿದರು. ಕೊಳವೆಯು ಸುಭದ್ರವಾದದ್ದು, ಸಾವಿರಾರು ಮಂದಿಗೆ ಕೆಲಸ ಸಿಕ್ಕುವುದು ಎಂಬುದು ಕಂಪನಿಯ ವಾದವಾಗಿದ್ದಿತು.

ವಿಚಾರಣೆಯು ಇನ್ನೂ ನಡೆಯುತ್ತಿರುವಾಗಲೇ, 2010ನೆಯ ಅಕ್ಟೋಬರಿನಲ್ಲಿ, ಆಗಿನ ವಿದೇಶಾಂಗ ಮಂತ್ರಿಣಿಯಾದ ಹಿಲರಿ ಕ್ಲಿಂಟನ್ನರು ಪರವಾನಗಿ ಕೊಡುವ ಕಡೆಗೆ ತಮ್ಮ ಒಲವಿದೆ ಎಂಬರ್ಥದ ಮಾತನ್ನು ಸಭೆಯೊಂದರಲ್ಲಿ ಆಡಿಬಿಟ್ಟರು. ತೀರ್ಪಿಗೆ ಮುಂಚೆ ನ್ಯಾಯಾಧಿಪತಿಯು ತನ್ನ ಮನಸ್ಸನ್ನು ಹೇಳಿಕೊಂಡಂತಾಯಿತು! ಅದಲ್ಲದೆ, ಕಂಪನಿಯ ಪರವಾಗಿ ವಾಷಿಂಗ್ಟನ್ನಿನಲ್ಲಿ ಓಡಾಡುತ್ತಿದ್ದ ಪಾಲ್ ಎಲಿಯಟ್ ಎಂಬವರು 2008ರಲ್ಲಿ ಅದೇ ಮಂತ್ರಿಣಿಯು ಅಧ್ಯಕ್ಷಪದವಿಗೆ ಪ್ರಯತ್ನಿಸಿದಾಗ ಅವರ ಪ್ರಚಾರಕಾರ್ಯದ ಉಪನಿರ್ದೇಶಕರಲ್ಲಿ ಒಬ್ಬರಾಗಿದ್ದವರು.

ಫ್ರೆಂಡ್ಸ್ ಆಫ್ ದಿ ಅರ್ತ್ ಮೊದಲಾದ ಮೂರು ಸಂಘಗಳು ಆ ಡಿಸೆಂಬರಿನಲ್ಲಿ ಒಂದು ಅರ್ಜಿಯನ್ನು ಬರೆದುವು. ಕೊಳವೆಗೆ ಸಂಬಂಧಪಟ್ಟ ಸಮಸ್ತ ಕಾಗದಗಳನ್ನೂ ಕೊಡಿರೆಂದು ಕೇಳಿದ್ದರೆ ದಫ್ತರದವರು ವರ್ಷಗಟ್ಟಲೆ ಹುಡುಕುತ್ತಲೇ ಇರಬಹುದಾಗಿತ್ತು. ಅವರು ಕೇಳಿದ್ದು, ಈ ಒಬ್ಬ ಗೃಹಸ್ಥರಿಗೂ ಖಾತೆಗೂ ನಡುವೆ ನಡೆದ ಪತ್ರವ್ಯವಹಾರ. ಜಾಣತನವೆಲ್ಲವೂ ಇದರಲ್ಲಿಯೇ ಇತ್ತೆಂದು ನನಗೆ ತೋರುತ್ತದೆ.

ಆ ದೇಶದಲ್ಲಿ 1966ರಲ್ಲಿಯೇ ಮಾಹಿತಿ ಸ್ವಾತಂತ್ರ್ಯದ ಕಾನೂನಾಗಿರುತ್ತದೆ. ಕಾಗದ ಏತಕ್ಕೆ ಬೇಕೆಂದು ಅರ್ಜಿದಾರನು ಹೇಳಬೇಕಾಗಿಲ್ಲ. ಕೊಡಲೊಲ್ಲದ ಸರಕಾರವೇ ಕಾನೂನಿನ ಒಂಬತ್ತು ವಿನಾಯಿತಿಗಳಲ್ಲಿ ಒಂದನ್ನು ತೋರಿಸಬೇಕು. ಕೆಲಸದ ದಿನಗಳು 20 ಕಳೆಯುವುದರೊಳಗೆ ಉತ್ತರ ಬರಬೇಕೆಂದು ನಿಯಮ. ಆದರೆ ನಿಯಮ ಬೇರೆ, ದಫ್ತರದ ನಡಿಗೆ ಬೇರೆ. ಖಾತೆಯು ಮೊದಲು ಇಲ್ಲವೆಂದಿತು. ಸಂಘಗಳು ಬಿಡದೆ 2011ನೆಯ ಮೇ ತಿಂಗಳಲ್ಲಿ ನ್ಯಾಯಾಲಯಕ್ಕೆ ಹೋದುವು.

ಇಲ್ಲಿ ಕಾಲವೇ ಮುಖ್ಯವಾದುದು. ಪರಿಸರದ ಅಂತಿಮ ವರದಿಯು ಆಗಸ್ಟಿನಲ್ಲಿ ಹೊರಬಿದ್ದಿತ್ತು. ಸಾರ್ವಜನಿಕರ ಅಹವಾಲನ್ನು ಕೇಳುವ ಕೊನೆಯ ಸಭೆಯು ಅಕ್ಟೋಬರ್ 7ರಂದು ವಾಷಿಂಗ್ಟನ್ನಿನಲ್ಲಿ ಗೊತ್ತಾಗಿದ್ದಿತು. ಅದು ಮುಗಿದ ಮೇಲೆ ಕಾಗದಗಳು ಬಂದರೇನು, ಬಿಟ್ಟರೇನು? ಮದುವೆ ಮುಗಿದ ಮೇಲೆ ಜಾತಕ ನೋಡಿದಂತೆ! ಅದೃಷ್ಟವಶಾತ್ ಸೆಪ್ಟೆಂಬರಿನ ಕೊನೆಗೂ ಅಕ್ಟೋಬರಿನ ಮೊದಲಿಗೂ ಇ-ಮೇಲ್ ಪತ್ರಗಳ ಕಟ್ಟುಗಳು ಹೊರಬಂದುವು.

ಅವುಗಳಲ್ಲಿ ಲಂಚದ ಮಾತಾಗಲಿ, ಗುಪ್ತ ಒಪ್ಪಂದವಾಗಲಿ ಇರಲಿಲ್ಲ. ಇದ್ದದ್ದು ಸಲಿಗೆ. ಮೊಂಟಾನಾದ ಸೆನೆಟ್ ಸದಸ್ಯರಾದ ಮ್ಯಾಕ್ಸ್ ಬಾಕಸ್ಸರು ಕೊಳವೆಯನ್ನು ಬೆಂಬಲಿಸಿದರೆಂದು ಎಲಿಯಟ್ಟರು ತಿಳಿಸಿದಾಗ, ಒಟ್ಟಾವಾ ನಗರದಲ್ಲಿಯ ಅಮೆರಿಕಾ ರಾಯಭಾರ ಕಚೇರಿಯ ಅಧಿಕಾರಿಣಿಯೊಬ್ಬರು ‘ಭಲೆ, ಪಾಲ್!’ ಎಂಬ ಧಾಟಿಯಲ್ಲಿ ಉತ್ತೇಜನವಿತ್ತಿದ್ದರು. ಮತ್ತೊಮ್ಮೆ, ನಿಮಗಿರುವ ಪರಿಚಯಗಳಿಗಾಗಿಯೇ ಅಲ್ಲವೆ ನಿಮ್ಮನ್ನು ಹುಡುಕಿಕೊಂಡು ಬಂದು ನೇಮಿಸಿಕೊಳ್ಳುವುದು, ಎಂಬ ಅಭಿಪ್ರಾಯದ ಸಮಾಧಾನವನ್ನೂ ಹೇಳಿದ್ದರು. ತಕ್ಕಡಿ ಹಿಡಿದವರು ಒಂದು ತಟ್ಟೆಯವರೊಡನೆ ಹರಟುತ್ತ ನಿಂತಿದ್ದರೆ ಬೇರೆ ತಟ್ಟೆಯವರ ಮನಸ್ಸಿಗೆ ಹೇಗಾದೀತು?

ಶಾಸನಸಭಾ ಸದಸ್ಯರ ಕೋರಿಕೆಯ ಮೇಲೆ ಖಾತೆಯ ತನಿಖಾಧಿಕಾರಿಯು ವಿಚಾರಿಸಿ 2012ನೆಯ ಫೆಬ್ರವರಿಯಲ್ಲಿ ವರದಿ ಕೊಟ್ಟನು. ಅನುಚಿತ ಪ್ರಭಾವವು ಕಂಡುಬರಲಿಲ್ಲವೆಂದು ಅದರಲ್ಲಿತ್ತು. ಇದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಆದರೆ ಇಂತಹ ಪರಿಶೀಲನೆಗೆ ಬೇಕಾದ ಪರಿಣತಿಯು ಖಾತೆಯಲ್ಲಿ ಸಾಲದೆಂದೂ, ಪರಿಸರ ವರದಿಯನ್ನು ಬರೆಯುವ ಗುತ್ತಿಗೆದಾರರನ್ನು ಆರಿಸುವ ಕ್ರಮವು ತಿದ್ದಲ್ಪಡಬೇಕೆಂದೂ ಅದೇ ವರದಿಯು ಹೇಳಿತು.

ಅಷ್ಟರಲ್ಲಿ, 2011ನೆಯ ನವೆಂಬರ್ 10ರಂದು, ಸ್ಯಾಂಡ್‌ಹಿಲ್ಸನ್ನು ತಪ್ಪಿಸುವ ಹಾದಿಯನ್ನು ನೋಡಬೇಕೆಂಬ ಕಾರಣವನ್ನಿತ್ತು ಸರಕಾರವು ತೀರ್ಮಾನವನ್ನು ಮುಂದೂಡಿದ್ದಿತು. ಮುಂದಿನ ಜನವರಿಯಲ್ಲಿ ಪರವಾನಗಿಯು ನಿರಾಕರಿಸಲ್ಪಟ್ಟಿತು. ಕಂಪನಿಯು ಪುನಃ ಅರ್ಜಿ ಹಾಕಿತು. 2015ರಲ್ಲಿ ಮತ್ತೆ ನಿರಾಕರಣೆ, 2017ರಲ್ಲಿ ಹೊಸ ಅಧ್ಯಕ್ಷರಿಂದ ಅಪ್ಪಣೆ, 2021ನೆಯ ಜನವರಿ 20ರಂದು ಮತ್ತೊಬ್ಬ ಅಧ್ಯಕ್ಷರಿಂದ ಅದರ ರದ್ದು. ಆ ಜೂನಿನಲ್ಲಿ ಕಂಪನಿಯೇ ಕೈಬಿಟ್ಟಿತು.

ಎಣ್ಣೆಯ ಕೊಳವೆಯು ನಮಗೂ ಹೊಸತಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಒಂದು ನೆಲದಡಿಯಲ್ಲಿಯೇ ಬರುತ್ತದೆ. 1962ರ ಕಾಯಿದೆಯಂತೆ ಇಂತಹ ಕೊಳವೆ ಹಾಯ್ದ ಜಮೀನು ಒಡೆಯನದಾಗಿಯೇ ಉಳಿಯುವುದು; ಕೊಳವೆಯ ಪಟ್ಟಿಯ ಮೇಲೆ ಮಾತ್ರ ಅವನು ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಅಂತಹವನು ಕಾಗದ ಕೇಳಬೇಕೆಂದರೆ ನಮ್ಮಲ್ಲಿಯೂ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ರಾಜ್ಯದ ಕಚೇರಿಗೆ ಕೊಡುವ ಅರ್ಜಿಯು ಒಂದೇ ವಿಷಯವನ್ನು ಕುರಿತು, 150 ಶಬ್ದಗಳೊಳಗೆ ಇರಬೇಕು. ಇದನ್ನು ಅನೇಕರು ಇಕ್ಕಟ್ಟೆಂದು ದೂರುತ್ತಾರೆ. ದೂರಿನಲ್ಲಿ ಹುರುಳಿಲ್ಲದೆಯೂ ಇಲ್ಲ. ಎಲಿಯಟ್ಟರ ಪತ್ರಗಳನ್ನು ಬೇಡಿದ ಆ ಅರ್ಜಿಯ ತಿರುಳಾದರೋ ಅಷ್ಟರಲ್ಲಿ ಧಾರಾಳವಾಗಿ ಹಿಡಿಸುತ್ತಿತ್ತು.